ಹಡಗೊಂದನ್ನು ಬಿಟ್ಟು

ಮುಂಬಯಿಯಲ್ಲಿ ಸಮುದ್ರ ಅಂದರೆ ಪಶ್ಚಿಮ ದಿಕ್ಕು. ಮರೀನ್ ಡ್ರೈವ್, ವರ್ಲಿ, ಬಾಂದ್ರಾ, ಜುಹು, ಸಂಜೆಯ ಸೂರ್ಯ, ಭೇಲ್‌ಪುರಿ, ಸಿನಿಮಾದ ಹಾಡು ಎಲ್ಲವೂ ಆ ಕಡೆಗೇ. ಈ ಊರನ್ನು ಮಹಾನಗರ ಮಾಡಿದ ಸಮುದ್ರ ಮಾತ್ರ ಪೂರ್ವದಲ್ಲಿದೆ. ಬಲ್ಲಾರ್ಡ್ ಪಿಯರ್‌ನಿಂದ ಶುರುವಾಗಿ ಭಾವುಚಾ ಧಕ್ಕಾ, ಮಝಗಾಂವ್, ದಾರೂಖಾನಾ, ಶಿವಡಿ ದಾಟಿ ವಡಾಲದವರೆಗೆ ಉದ್ದಕ್ಕೂ ಬಂದರಿನ ಜಾಗ, ಬಂದರಿನ ಗೋಡೆ. ಹಾರ್ಬರ್ ಲೈನ್ ರೈಲಿಗೆ ಹೆಸರು ಕೊಟ್ಟದ್ದು ಈ ಬಂದರೇ. ಪ್ರಿನ್ಸಸ್ ಡಾಕ್ ತೆರೆದದ್ದು 1880ರಲ್ಲಿ. ಈಗ ಇಂದಿರಾ ಡಾಕ್ ಎನ್ನಿಸಿಕೊಳ್ಳುವ ಅಲೆಕ್ಸಾಂಡ್ರಾ ಡಾಕ್ 1914ರಲ್ಲಿ. ಕೊಲ್ಲಿಯ ಆಚೆ ದಡದಲ್ಲಿ ನ್ಹಾವಾ ಶೇವಾ ಬಂದರು 1989ರಲ್ಲಿ ಶುರುವಾಯಿತು. ಇಪ್ಪತ್ತಡಿ ಕಂಟೇನರಿನ ಲೆಕ್ಕದಲ್ಲಿ 2024-25ರ ಒಂದೇ ವರ್ಷ ಅಲ್ಲಿ ಇಳಿದು ಹತ್ತಿದ್ದು ಸುಮಾರು 73 ಲಕ್ಷ.

ಹಡಗು ಧಕ್ಕೆಗೆ ತಾಗಿ ನಿಂತಿತೆಂದರೆ ಎಂಜಿನ್ ಆರಿತು ಎಂದು ದಡದಲ್ಲಿದ್ದವರಿಗೆ ಅನ್ನಿಸುತ್ತದೆ. ಆರುವುದು ದೊಡ್ಡ ಎಂಜಿನ್ ಮಾತ್ರ. ದೀಪ, ಪಂಪು, ಅಡುಗೆಮನೆ, ತಂಪು ಕಂಟೇನರು, ಹಡಗಿನದೇ ಕ್ರೇನು ಇವಕ್ಕೆಲ್ಲ ಕರೆಂಟು ಬೇಕು. ದಡದಿಂದ ಕರೆಂಟು ಪಡೆಯದ ಹಡಗು ಅದನ್ನು ತನ್ನ ಸಹಾಯಕ ಎಂಜಿನ್‌ಗಳಿಂದ ತಾನೇ ತಯಾರಿಸಿಕೊಳ್ಳುತ್ತದೆ. ಬಾಯ್ಲರೂ ಉರಿಯುತ್ತಿರುತ್ತದೆ. ಸರಕು ಇಳಿದು ಹೊರಡುವವರೆಗೆ, ಹಗಲೂ ರಾತ್ರಿ, ಚಿಮಣಿ ಹೊಗೆಯಾಡುತ್ತದೆ. ಹೊರಗೆ ಲಂಗರು ಹಾಕಿ ಸರದಿ ಕಾಯುವ ಹಡಗುಗಳದ್ದೂ ಇದೇ ಕತೆ. ಹಗಲಿನ ಕಡಲಗಾಳಿ ಪಶ್ಚಿಮದಿಂದ ಬೀಸಿ ಬಂದರಿನ ಹೊಗೆಯನ್ನು ಕೊಲ್ಲಿಯ ಆಚೆಗೆ ತಳ್ಳುತ್ತದೆ. ಚಳಿಗಾಲದ ರಾತ್ರಿ ನೆಲಗಾಳಿ ಪೂರ್ವದಿಂದ ಮೆಲ್ಲಗೆ ಹರಿಯುತ್ತದೆ. ಬಂದರು ಪೂರ್ವದಲ್ಲಿದೆ, ಜನ ಅದರ ಪಶ್ಚಿಮಕ್ಕೆ ಮಲಗಿದ್ದಾರೆ.

ಆ ರಾತ್ರಿಯ ಗಾಳಿಯಲ್ಲಿ ಹಡಗಿನ ಪಾಲು ಎಷ್ಟು? ಮುಂಬಯಿಯ ಯಾವ ನಾಗರಿಕನಿಗೂ ಮರುದಿನ ಬೆಳಿಗ್ಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ವಾಯು ಗುಣಮಟ್ಟ ಸೂಚ್ಯಂಕ ಒಂದು ಸಂಖ್ಯೆ, ಒಂದು ಬಣ್ಣ ಹೇಳುತ್ತದೆ. ಹೊಗೆ ಯಾರದು ಎಂದು ಹೇಳುವುದಿಲ್ಲ.

ಇದೇ ಪ್ರಶ್ನೆಗೆ ಉತ್ತರ ಸಿಕ್ಕಿರುವ ಒಂದು ಊರು ಭೂಮಿಯ ಮೇಲಿದೆ. ಮನೆಗಳು ಬೆರಳೆಣಿಕೆಯಷ್ಟು, ಜನ ಚಳಿಗಾಲದಲ್ಲಿ ಮೂವತ್ತು ನಲವತ್ತು. ಉತ್ತರ ಧ್ರುವಕ್ಕೆ ಸಮೀಪದ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ಕಾಂಗ್ಸ್‌ಫ್ಯೋರ್ಡ್ ಎಂಬ ಕೊಲ್ಲಿಯ ದಡದಲ್ಲಿರುವ ನಿ-ಓಲೆಸುಂಡ್. ಮೊದಲು ಕಲ್ಲಿದ್ದಲು ಗಣಿಯ ಊರು, ಈಗ ವಿಜ್ಞಾನಿಗಳ ಊರು. ಬೇಸಿಗೆಯಲ್ಲಿ ಅಲ್ಲಿಗೆ ಪ್ರವಾಸಿ ಹಡಗುಗಳು ಬರುತ್ತವೆ. ಊರಿನ ಪಕ್ಕದ ಝೆಪ್ಪೆಲಿನ್ ಬೆಟ್ಟದ ಮೇಲೆ ಗಾಳಿಯನ್ನು ಸದಾ ಅಳೆಯುವ ಒಂದು ಕೇಂದ್ರವಿದೆ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಮಾಡಿದ ಕೆಲಸ ಕೇಳಲು ತುಂಬ ಸರಳ. ಎಷ್ಟು ಪ್ರವಾಸಿಗರು ಯಾವ ದಿನ ಬಂದರು ಎಂಬ ಹಳೆಯ ದಾಖಲೆ ಊರಿನಲ್ಲಿತ್ತು. ಅದನ್ನು ಹಿಡಿದು ಗಾಳಿಯ ಅಳತೆಗಳನ್ನು ಎರಡು ರಾಶಿ ಮಾಡಿದರು: ಹಡಗು ಇದ್ದ ಹೊತ್ತು, ಹಡಗು ಇಲ್ಲದ ಹೊತ್ತು. ಆಮೇಲೆ ಎರಡನ್ನೂ ಹೋಲಿಸಿದರು. ಐವತ್ತಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಕೊಲ್ಲಿಯಲ್ಲಿದ್ದಾಗ, ಬೇಸಿಗೆಯ ಹಗಲಿನಲ್ಲಿ, 60 ನ್ಯಾನೋಮೀಟರ್ ಗಾತ್ರದ ಕಣಗಳ ಪ್ರಮಾಣ ಸರಾಸರಿ 72 ಶೇಕಡಾ ಹೆಚ್ಚಿತ್ತು. ಮಸಿ, ಅಂದರೆ ವಿಜ್ಞಾನಿಗಳು ಕಪ್ಪು ಇಂಗಾಲ ಎನ್ನುವುದು, 45 ಶೇಕಡಾ ಹೆಚ್ಚಿತ್ತು. ಕಣ್ಣಿಗೆ ಬರೀ ಹಿಮ ಕಾಣುವ ಜಾಗದಲ್ಲಿ ಹಡಗಿನ ಉಸಿರು ಹೀಗೆ ಲೆಕ್ಕಕ್ಕೆ ಸಿಕ್ಕಿತು.

ಈ ಊರು ಭಾರತಕ್ಕೆ ಅಪರಿಚಿತವೇನಲ್ಲ. ಭಾರತದ ಧ್ರುವ ಸಂಶೋಧನಾ ನೆಲೆ 'ಹಿಮಾದ್ರಿ' ಇರುವುದು ಇದೇ ನಿ-ಓಲೆಸುಂಡ್‌ನಲ್ಲಿ, 2008ರಿಂದ. ಅದನ್ನು ನಡೆಸುವುದು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅದೇ ಕೊಲ್ಲಿಯ ನೀರಿನಲ್ಲಿ 2014ರಲ್ಲಿ ಭಾರತ 'ಇಂಡ್‌ಆರ್ಕ್' ಎಂಬ ಮಾಪಕವನ್ನು ಇಳಿಸಿತು. ಅಲ್ಲಿನ ಗಾಳಿಯ ಮಸಿಯನ್ನು ಭಾರತೀಯ ವಿಜ್ಞಾನಿಗಳೂ ಅಳೆದಿದ್ದಾರೆ. ಅಂದಮೇಲೆ ವಿದ್ಯೆ ಇಲ್ಲ, ಉಪಕರಣ ಇಲ್ಲ, ಜನ ಇಲ್ಲ ಎಂಬ ನೆಪ ನಡೆಯುವುದಿಲ್ಲ. ಧ್ರುವದ ಹಿಮಕರಡಿಯ ಮೇಲೆ ಬೀಳುವ ಮಸಿಯ ಅಳತೆ ಗೊತ್ತಿರುವ ದೇಶಕ್ಕೆ ಶಿವಡಿಯ ಮಗುವಿನ ಎದೆಗೆ ಇಳಿಯುವ ಮಸಿಯಲ್ಲಿ ಹಡಗಿನದೆಷ್ಟು ಎಂದು ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಈ ಕತ್ತಲೆ ತಾನಾಗಿ ಕವಿದದ್ದಲ್ಲ. ಅದನ್ನು ಕಾನೂನಿನಲ್ಲೇ ಬರೆದಿಡಲಾಗಿದೆ.

ವಾಯು ಮಾಲಿನ್ಯ ತಡೆಯ ಕಾಯಿದೆ ಬಂದದ್ದು 1981ರಲ್ಲಿ. ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳು ಏನೇನು ಮಾಡಬೇಕು ಎಂದು ಅದರ 17ನೇ ಸೆಕ್ಷನ್ ಪಟ್ಟಿ ಕೊಡುತ್ತದೆ. ಕಾರ್ಖಾನೆ, ಮೋಟಾರು ವಾಹನ, ಮತ್ತೆ ಬೇರೆ ಯಾವುದೇ ಮೂಲದಿಂದ ಹೊರಬೀಳುವ ಹೊಗೆಗೆ ಮಿತಿ ಗೊತ್ತುಮಾಡುವ ಅಧಿಕಾರ ಮಂಡಳಿಗಿದೆ. ಅಷ್ಟು ಹೇಳಿ, ಆ 'ಯಾವುದೇ ಮೂಲ'ಕ್ಕೆ ಒಂದು ಬಾಲ ಅಂಟಿಸಿದೆ: ಅದು ಹಡಗು ಅಥವಾ ವಿಮಾನ ಆಗಿರಕೂಡದು. ಇಂಗ್ಲಿಷಿನ ವಾಕ್ಯ ಮೊದಲು ಬಾಗಿಲನ್ನು ಅಗಲಕ್ಕೆ ತೆರೆದು, ಎಲ್ಲರನ್ನೂ ಒಳಗೆ ಕರೆದು, ಕೊನೆಗೆ ಇಬ್ಬರು ದೊಡ್ಡವರನ್ನು ಹಿಂಬಾಗಿಲಿನಿಂದ ಕಳಿಸಿಕೊಡುತ್ತದೆ. ಕನ್ನಡದಲ್ಲಿ ಬರೆದರೆ ಈ ಜಾಣತನ ನಡೆಯುವುದಿಲ್ಲ. ಕನ್ನಡದ ವಾಕ್ಯದಲ್ಲಿ ಬಿಟ್ಟವರ ಹೆಸರು ಮೊದಲೇ ಬರುತ್ತದೆ: ಹಡಗನ್ನೂ ವಿಮಾನವನ್ನೂ ಬಿಟ್ಟು, ಉಳಿದೆಲ್ಲರೂ.

ಹಡಗಿಗೆ ಕಾನೂನೇ ಇಲ್ಲವೆಂದಲ್ಲ. ಅದರ ಹೊಗೆ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಆರನೇ ಅನುಬಂಧಕ್ಕೆ ಬರುತ್ತದೆ. ಅದನ್ನು ಭಾರತದಲ್ಲಿ ನೋಡಿಕೊಳ್ಳುವುದು ಕೇಂದ್ರದ ನೌಕಾಯಾನ ಮಹಾನಿರ್ದೇಶನಾಲಯ. ಅದರ ಕಚೇರಿ ಮುಂಬಯಿಯ ಕಾಂಜೂರ್‌ಮಾರ್ಗ್‌ನಲ್ಲೇ ಇದೆ. ಆದರೆ ಆ ಕಚೇರಿಯ ಕೆಲಸ ಹಡಗು. ಊರಿನ ಗಾಳಿ ಅದರ ಕೆಲಸವಲ್ಲ. ಊರಿನ ಗಾಳಿ ರಾಜ್ಯ ಮಂಡಳಿಯ ಕೆಲಸ. ಹಡಗು ಅದರ ಕೆಲಸವಲ್ಲ. ಬಂದರು ಪ್ರಾಧಿಕಾರಕ್ಕೆ ಸರಕು ಬೇಗ ಸಾಗಬೇಕು. ಮಹಾನಗರಪಾಲಿಕೆ ಬಂದರಿನ ಗೋಡೆಯ ಹೊರಗೆ ನಿಲ್ಲುತ್ತದೆ. ನಾಲ್ಕು ಕಚೇರಿಗಳ ನಡುವಿನ ಸಂದಿನಲ್ಲಿ ಹೊಗೆ ಆರಾಮಾಗಿ ಹೊರಟುಹೋಗುತ್ತದೆ.

ಹೋಲಿಕೆಗೆ ಪಾವ್ ಬೇಕರಿಯನ್ನು ನೋಡಬೇಕು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂಬಯಿಯ ಗಾಳಿಯ ಕುರಿತ ಪ್ರಕರಣದಲ್ಲಿ, ಸೌದೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಸ್ವಚ್ಛ ಇಂಧನಕ್ಕೋ ಬದಲಾಗಬೇಕು ಎಂದು ಹೇಳಿತು. ಮಹಾನಗರಪಾಲಿಕೆ ನೋಟಿಸು ಕೊಟ್ಟಿತು. ತಂದೂರಿ ಒಲೆಯ ಹೋಟೆಲು, ಢಾಬಾಗಳಿಗೂ ಕಾಗದ ಬಂತು. ಹೋಟೆಲು ನಡೆಸುವ ಎಷ್ಟೋ ಕನ್ನಡ, ತುಳು ಮನೆಗಳಲ್ಲಿ ಆ ದಿನಗಳಲ್ಲಿ ಇದೇ ಮಾತು. ಕೋರ್ಟಿನ ಆದೇಶ ತಪ್ಪು ಎಂದು ಯಾರೂ ಹೇಳಬೇಕಿಲ್ಲ. ಸೌದೆಯ ಹೊಗೆ ಹೊಗೆಯೇ. ಅದರ ಮುಂದೆ ನಿಂತು ಬೆಂದವನ ಶ್ವಾಸಕೋಶವೂ ಶ್ವಾಸಕೋಶವೇ. ಕೇಳಬೇಕಾದದ್ದು ಬೇರೆ. ನಾಲ್ಕಡಿ ಬಾಯಿಯ ಒಲೆಗೆ ಆರು ತಿಂಗಳ ಗಡುವು ಹಾಕಿದ ಊರಿನಲ್ಲಿ, ಅದೇ ಬೇಕರಿಯಿಂದ ನಡೆದುಹೋಗುವ ದೂರದಲ್ಲಿ ನಿಂತ ಹಡಗಿನ ಚಿಮಣಿಗೆ ಎಷ್ಟು ತಿಂಗಳು? ಬೇಕರಿಯವನ ಹೊಗೆ ಕಾನೂನಿಗೆ ಕಾಣುತ್ತದೆ, ಏಕೆಂದರೆ ಬೇಕರಿಯವನು ಚಿಕ್ಕವನು.

ಇನ್ನೊಂದು ಹೋಲಿಕೆ ಲಾರಿಯದು. 2020ರ ಏಪ್ರಿಲ್ 1ರಿಂದ ಭಾರತದ ಪಂಪುಗಳಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರಕೂಡದು. ಅದಕ್ಕೆ ಮೂರು ತಿಂಗಳ ಹಿಂದೆ, 2020ರ ಜನವರಿ 1ರಿಂದ, ಜಗತ್ತಿನ ಹಡಗುಗಳಿಗೂ ಹೊಸ ಮಿತಿ ಬಂತು: ಇಂಧನದಲ್ಲಿ ಗಂಧಕ 3.5 ಶೇಕಡಾದಿಂದ 0.5 ಶೇಕಡಾಕ್ಕೆ ಇಳಿಯಬೇಕು. ದೊಡ್ಡ ಸುಧಾರಣೆ, ನಿಜ. ಆದರೆ 0.5 ಶೇಕಡಾ ಎಂದರೆ ಹತ್ತು ಲಕ್ಷಕ್ಕೆ 5,000 ಭಾಗ. ಬಂದರಿನ ಗೇಟಿನಲ್ಲಿ ಸರದಿ ನಿಂತ ಲಾರಿಗೆ ಹತ್ತು, ಗೇಟಿನ ಒಳಗೆ ನಿಂತ ಹಡಗಿಗೆ ಐದು ಸಾವಿರ. ಐನೂರು ಪಟ್ಟು. ಸರಕು ಒಂದೇ, ಗಾಳಿ ಒಂದೇ, ನಡುವೆ ಒಂದು ಗೋಡೆ.

ಗಾಳಿ ಶೋಧಕ ಹಾಕಿಕೊಂಡ ಹಡಗಿಗೆ ಹಳೆಯ ಭಾರದ ಎಣ್ಣೆಯನ್ನೇ ಉರಿಸಲು ಈಗಲೂ ಅವಕಾಶವಿದೆ. ಆ ಎಣ್ಣೆ ಶುದ್ಧೀಕರಣದ ಕೊನೆಗೆ ಉಳಿಯುವ ಚರಟ. ದಡದಲ್ಲಿ ಅದರ ಅಣ್ಣತಮ್ಮಂದಿರಿಗೆ ಫರ್ನೇಸ್ ಆಯಿಲ್ ಎಂದು ಹೆಸರು. ಅದೇ ಫರ್ನೇಸ್ ಆಯಿಲನ್ನು ದೆಹಲಿಯ ಸುತ್ತಲಿನ ರಾಜ್ಯಗಳ ಕಾರ್ಖಾನೆಗಳು ಉರಿಸಬಾರದೆಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲಿ ಹೇಳಿತು. ಅಂಟಾರ್ಕ್ಟಿಕದ ಸಮುದ್ರದಲ್ಲಿ ಭಾರದ ಎಣ್ಣೆಯನ್ನು 2011ರ ಆಗಸ್ಟಿನಿಂದ ನಿಷೇಧಿಸಿದ್ದಾರೆ. ಅಲ್ಲಿ ಅದನ್ನು ಉರಿಸುವುದಿರಲಿ, ಹಡಗಿನಲ್ಲಿ ಒಯ್ಯುವುದೂ ತಪ್ಪು. ಉತ್ತರ ಧ್ರುವದ ಸಮುದ್ರದಲ್ಲಿ ನಿಷೇಧ ಶುರುವಾದದ್ದು 2024ರ ಜುಲೈಯಿಂದ, ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ ಕೊಟ್ಟು. ಪೆಂಗ್ವಿನ್ನಿಗೆ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. 2011ರ ಜನಗಣತಿಯಂತೆ ಒಂದು ಕೋಟಿ 24 ಲಕ್ಷ ಜನರಿದ್ದ ಮುಂಬಯಿಗೆ ಪೆಂಗ್ವಿನ್ನಿನ ಪಾಲೂ ಸಿಗಲಿಲ್ಲವೆಂಬುದು ದೂರು.

ಇದರಲ್ಲಿ ಒಂದು ಅಡ್ಡಮಾತಿದೆ: ಗಂಧಕ ಇಳಿಯಿತಲ್ಲ, ಇನ್ನೇನು? ಮಾರ್ಪೋಲ್‌ನ ಸಂಬಂಧಪಟ್ಟ ನಿಯಮದ ತಲೆಬರಹದಲ್ಲಿ ಗಂಧಕದ ಆಕ್ಸೈಡುಗಳ ಜತೆ ಕಣಗಳ ಹೆಸರೂ ಇದೆ. ಒಳಗೆ ಓದಿದರೆ ಇರುವುದು ಇಂಧನದ ಗಂಧಕದ ಮಿತಿ ಮಾತ್ರ. ಚಿಮಣಿಯಿಂದ ಎಷ್ಟು ಕಣ ಹೊರಬರಬಹುದು, ಎಷ್ಟು ಮಸಿ ಬರಬಹುದು ಎಂಬುದಕ್ಕೆ ಅಂಕಿಯೇ ಇಲ್ಲ. ಗಂಧಕ ಇಳಿದರೆ ಗಂಧಕದಿಂದ ಹುಟ್ಟುವ ಕಣ ಇಳಿಯುತ್ತದೆ. ಎಣ್ಣೆ ಪೂರ್ತಿ ಉರಿಯದೆ ಹುಟ್ಟುವ ಮಸಿ ಅದರ ಜತೆಗೇ ಇಳಿಯಬೇಕೆಂದಿಲ್ಲ. 2018ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, 2020ರ ಮಿತಿ ಜಾರಿಯಾದ ಮೇಲೂ ಹಡಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಅಕಾಲಿಕ ಸಾವು ಉಳಿಯುತ್ತದೆ. ಮಿತಿ ಇಲ್ಲದಿದ್ದರೆ ಅದು ನಾಲ್ಕು ಲಕ್ಷವಾಗುತ್ತಿತ್ತು.

ಈಗ ಅಳತೆಗೆ ಬರಬೇಕು. ಮುಂಬಯಿಯಲ್ಲಿ ಮಾಪನ ಕೇಂದ್ರಗಳಿಲ್ಲವೇ? ಇವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ಸಫರ್' ವ್ಯವಸ್ಥೆ 2015ರಿಂದ ಇದೆ. ಮಝಗಾಂವ್‌ನಲ್ಲಿ, ಕೊಲಾಬಾದ ನೇವಿ ನಗರದಲ್ಲಿ ಅದರ ಕೇಂದ್ರಗಳಿವೆ. 2022-23ರ ಚಳಿಗಾಲದಲ್ಲಿ ಈ ಎರಡು ಜಾಗಗಳ ಸೂಚ್ಯಂಕ ಅನೇಕ ದಿನ 'ತೀರಾ ಕಳಪೆ' ಎಂಬ ಬಣ್ಣಕ್ಕೆ ಏರಿ, ದಕ್ಷಿಣ ಮುಂಬಯಿಯ ಜನ ಬೆಚ್ಚಿಬಿದ್ದರು. ಗಾಳಿ ಮಂದವಾಗಿದೆ, ಕಟ್ಟಡ ಕೆಲಸದ ಧೂಳು ಹೆಚ್ಚಿದೆ ಎಂಬ ಕಾರಣಗಳು ಬಂದವು. ಅವು ನಿಜವಿರಬಹುದು. ಆದರೆ ಕೇಂದ್ರಗಳೆರಡೂ ನೀರಿನ ಪಕ್ಕದಲ್ಲಿವೆ. ಆ ರಾತ್ರಿಗಳಲ್ಲಿ ಧಕ್ಕೆಯಲ್ಲಿ ಯಾವ ಹಡಗು ನಿಂತಿತ್ತು, ಗಾಳಿ ಎತ್ತಲಿಂದ ಬೀಸುತ್ತಿತ್ತು ಎಂದು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಜನರಿಗೆ ತೋರಿಸುವ ವ್ಯವಸ್ಥೆ ಅಂದೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಹಳೆಯ ಕಾಗದ ಹುಡುಕಿ ಲೆಕ್ಕ ಮಾಡಬಹುದಿತ್ತು. ತೊಂದರೆ ಇನ್ನೂ ಆಳದ್ದು. ಸೂಚ್ಯಂಕದ ಪಟ್ಟಿಯಲ್ಲಿ ಎಂಟು ಹೆಸರುಗಳಿವೆ. ಕಣಗಳ ಪೈಕಿ ಅದು ನೋಡುವುದು ಪಿಎಂ 10 ಮತ್ತು ಪಿಎಂ 2.5, ಅವೂ ತೂಕದಲ್ಲಿ. ಹಡಗಿನ ಎಂಜಿನ್ನಿನಿಂದ ಹೊಸದಾಗಿ ಹೊರಬಿದ್ದ ಕಣ ಬಹುಪಾಲು ಅತಿಸಣ್ಣದು. ನಿ-ಓಲೆಸುಂಡ್‌ನಲ್ಲಿ ಅಳೆದ 60 ನ್ಯಾನೋಮೀಟರ್ ಕಣವನ್ನೇ ತೆಗೆದುಕೊಂಡರೆ, ಅಂಥ 70 ಸಾವಿರಕ್ಕೂ ಹೆಚ್ಚು ಕಣಗಳು ಸೇರಿದರೆ 2.5 ಮೈಕ್ರಾನಿನ ಒಂದೇ ಒಂದು ಕಣದಷ್ಟು ತೂಕ. ತಕ್ಕಡಿಯಲ್ಲಿ ಸಾಸಿವೆ ತೂಗಿದರೆ ಮುಳ್ಳು ಅಲ್ಲಾಡುವುದೂ ಇಲ್ಲ. ಶ್ವಾಸಕೋಶದ ತುದಿಯ ಗೂಡುಗಳನ್ನು ದಾಟಿ ರಕ್ತಕ್ಕೆ ಇಳಿಯಬಲ್ಲದ್ದು ಮಾತ್ರ ಈ ಸಾಸಿವೆಯೇ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಇಂಥ ಕಣಗಳಿಗೆ ಮಿತಿ ಹಾಕಲಿಲ್ಲ. ಆದರೆ ಅವುಗಳ ಸಂಖ್ಯೆಯನ್ನು ಎಣಿಸಿ, ಮಸಿಯನ್ನೂ ಅಳೆಯಿರಿ ಎಂದು ಸರಕಾರಗಳಿಗೆ ಹೇಳಿತು. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ದಿನದ ಸರಾಸರಿ 10 ಸಾವಿರ ಕಣ ಮೀರಿದರೆ ಅದು 'ಹೆಚ್ಚು' ಎಂಬ ಗೆರೆಯನ್ನೂ ಕೊಟ್ಟಿತು. ಭಾರತದ ಸೂಚ್ಯಂಕದಲ್ಲಿ ಎಣಿಕೆಗೂ ಜಾಗವಿಲ್ಲ, ಮಸಿಗೂ ಜಾಗವಿಲ್ಲ.

ಹಡಗಿನ ಹೊಗೆ ಯಾವ ಲೆಕ್ಕದಲ್ಲೂ ಬರುವುದೇ ಇಲ್ಲವೇ ಎಂದರೆ, ಹೊಗೆಯ ಲೆಕ್ಕಪಟ್ಟಿಗಳಲ್ಲಿ ಬರುವುದುಂಟು. ಅಲ್ಲಿ ಬರುವುದು ಗುಣಾಕಾರ. ಇಷ್ಟು ಹಡಗು, ಇಷ್ಟು ಗಂಟೆ, ಇಷ್ಟು ಎಣ್ಣೆ, ಪುಸ್ತಕದಲ್ಲಿರುವ ದರ ಇಷ್ಟು, ಗುಣಿಸಿದರೆ ವರ್ಷಕ್ಕೆ ಇಷ್ಟು ಟನ್. ಅದನ್ನು ಇಡೀ ನಗರದ ಧೂಳಿನ ರಾಶಿಯಿಂದ ಭಾಗಿಸಿದರೆ ಸಣ್ಣ ಸಂಖ್ಯೆ ಬರುತ್ತದೆ. ಸಣ್ಣ ಸಂಖ್ಯೆ ಬಂದದ್ದರಿಂದ ಅಳೆಯುವ ಅಗತ್ಯವಿಲ್ಲ ಎಂದಾಗುತ್ತದೆ. ಅಳೆಯದ್ದರಿಂದ ಸಂಖ್ಯೆ ಸಣ್ಣದಾಗಿಯೇ ಉಳಿಯುತ್ತದೆ. ಬೋರಿವಲಿಯ ರಸ್ತೆ ಧೂಳನ್ನೂ ಶಿವಡಿಯ ರಾತ್ರಿಯ ಮಸಿಯನ್ನೂ ಒಂದೇ ಚೀಲಕ್ಕೆ ತುಂಬಿ ತೂಗಿದ ಲೆಕ್ಕ ಬೋರಿವಲಿಗೂ ನ್ಯಾಯವಲ್ಲ, ಶಿವಡಿಗೂ ಅಲ್ಲ.

ವಿಜ್ಞಾನದ ಕಡೆಯಿಂದ ಬರುವ ಆಕ್ಷೇಪವೊಂದು ಗಟ್ಟಿಯಾದದ್ದು, ಅದನ್ನು ಮರೆಮಾಚಬಾರದು. ಧ್ರುವದ ಗಾಳಿ ತೊಳೆದ ಸ್ಲೇಟಿನಂತಿದೆ. ಒಂದು ಗೆರೆ ಎಳೆದರೂ ಕಾಣುತ್ತದೆ. ಮುಂಬಯಿಯ ಗಾಳಿ ನೂರು ಮಂದಿ ಗೀಚಿದ ಗೋಡೆ. ಹಡಗಿನ ಎಣ್ಣೆಯ ಗುರುತೆಂದು ಹಿಂದೆ ವನೇಡಿಯಂ, ನಿಕಲ್ ಲೋಹಗಳನ್ನು ಹಿಡಿಯುತ್ತಿದ್ದರು. 2020ರ ನಂತರದ ಇಂಧನದಲ್ಲಿ ವನೇಡಿಯಂ ಕಡಿಮೆಯಾಗಿದೆ. ಮೇಲಾಗಿ ಬಂದರಿನ ಬೆನ್ನಿಗೇ ಮಾಹುಲ್‌ನ ಎರಡು ತೈಲ ಶುದ್ಧೀಕರಣ ಘಟಕಗಳಿವೆ. ಯಾವ ಲೋಹ ಯಾರದು ಎಂದು ಹೇಳುವುದು ಕಷ್ಟ. ಇವೆಲ್ಲ ನಿಜ. ಆದರೆ ಕಷ್ಟವೆಂಬುದು ಹೆಚ್ಚು ಉಪಕರಣ ಇಡಲು ಕಾರಣವಾಗಬೇಕು, ಕೈಕಟ್ಟಿ ಕೂರಲು ಅಲ್ಲ. ನಿ-ಓಲೆಸುಂಡ್‌ನವರ ಕೈಯಲ್ಲಿದ್ದದ್ದು ಪ್ರವಾಸಿಗರ ಎಣಿಕೆಯ ಪಟ್ಟಿ. ಮುಂಬಯಿಯ ಕೈಯಲ್ಲಿ ಅದಕ್ಕಿಂತ ಎಷ್ಟೋ ಒಳ್ಳೆಯ ದಾಖಲೆಯಿದೆ. ಯಾವ ಹಡಗು ಯಾವ ಬರ್ತಿಗೆ ಯಾವ ಗಂಟೆಗೆ ಬಂತು, ಯಾವಾಗ ಹೋಯಿತು ಎಂದು ಬಂದರುಗಳು ದಿನವೂ ಬರೆದಿಡುತ್ತವೆ; ಬಾಡಿಗೆ ವಸೂಲಿ ಆಗುವುದೇ ಆ ಲೆಕ್ಕದ ಮೇಲೆ. ದೊಡ್ಡ ಹಡಗುಗಳೆಲ್ಲ ತಾವು ಎಲ್ಲಿದ್ದೇವೆಂದು ಎಐಎಸ್ ಎಂಬ ರೇಡಿಯೋ ಸಂಕೇತದಲ್ಲಿ ಸಾರುತ್ತಲೇ ಇರುತ್ತವೆ. ಗಾಳಿಯ ದಿಕ್ಕು ಗಂಟೆಗಂಟೆಗೂ ದಾಖಲಾಗುತ್ತದೆ. ಕಾಸಿನ ಲೆಕ್ಕಕ್ಕೆ ನಿಮಿಷವೂ ತಪ್ಪದ ಗಡಿಯಾರ ಉಸಿರಿನ ಲೆಕ್ಕಕ್ಕೆ ಯಾಕೆ ನಿಲ್ಲಬೇಕು?

ಎರಡನೆಯ ಆಕ್ಷೇಪ ದುಡ್ಡಿನದು. ಇಲ್ಲಿ ಬಿಗಿ ಮಾಡಿದರೆ ಹಡಗು ಮುಂದ್ರಾಕ್ಕೋ ಕೊಲಂಬೊಗೋ ಹೋಗುತ್ತದೆ ಎನ್ನುತ್ತಾರೆ. ಅಳತೆ ಮಾಡಿದರೆ ಯಾವ ಹಡಗೂ ಎಲ್ಲಿಗೂ ಹೋಗುವುದಿಲ್ಲ. ಬಿಗಿ ಮಾಡಿದ ಬಂದರುಗಳೂ ಖಾಲಿ ಬಿದ್ದಿಲ್ಲ. ಯುರೋಪಿನ ಬಂದರುಗಳಲ್ಲಿ ನಿಂತ ಹಡಗು 2010ರಿಂದ 0.1 ಶೇಕಡಾ ಗಂಧಕದ ಎಣ್ಣೆಯನ್ನೇ ಉರಿಸಬೇಕು. ಹಾಂಗ್‌ಕಾಂಗ್ 2015ರಲ್ಲಿ, ಜಗತ್ತಿಗಿಂತ ನಾಲ್ಕೂವರೆ ವರ್ಷ ಮೊದಲು, ಧಕ್ಕೆಯಲ್ಲಿ ನಿಂತ ಹಡಗಿಗೆ 0.5 ಶೇಕಡಾ ಮಿತಿ ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಕಂಟೇನರ್ ಹಡಗುಗಳು ದಡದ ಕರೆಂಟು ಪಡೆಯಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಮೆಡಿಟರೇನಿಯನ್ ಸಮುದ್ರ 2025ರ ಮೇ 1ರಿಂದ ಗಂಧಕ ನಿಯಂತ್ರಣ ವಲಯವಾಯಿತು. ಈ ನಿಯಮಗಳನ್ನು ಪಾಲಿಸಿ ಬಂದ ಅದೇ ಕಂಪನಿಯ ಅದೇ ಹಡಗು ಸೂಯೆಜ್ ಕಾಲುವೆ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿದ ಕೂಡಲೇ ಅಗ್ಗದ ಎಣ್ಣೆಗೆ ಬದಲಾಯಿಸಿಕೊಳ್ಳಬಹುದು. ಭಾರತದ ಕರಾವಳಿ ಅಂಥ ವಲಯವಲ್ಲ. ಇದು ತಂತ್ರಜ್ಞಾನದ ಸಮಸ್ಯೆಯಲ್ಲ. ಯಾರ ಮನೆಯ ಮುಂದೆ ಚಪ್ಪಲಿ ಬಿಡಬೇಕು, ಯಾರ ಮನೆಯ ಮುಂದೆ ಬೇಡ ಎಂಬ ಲೆಕ್ಕ.

ಮೂರನೆಯ ಆಕ್ಷೇಪ ಇತ್ತೀಚಿನದು, ಸ್ವಲ್ಪ ನಾಜೂಕಿನದು. ಗಂಧಕದ ಕಣಗಳು ಸಮುದ್ರದ ಮೇಲಿನ ಮೋಡಗಳನ್ನು ಬೆಳ್ಳಗೆ ಮಾಡಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ. 2020ರಲ್ಲಿ ಅವನ್ನು ಇಳಿಸಿದ ಮೇಲೆ ಸಮುದ್ರ ಇನ್ನಷ್ಟು ಬಿಸಿಯಾಗುತ್ತಿದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದಿದೆ. ಅದು ಪ್ರಾಮಾಣಿಕ ಚರ್ಚೆ. ಅದನ್ನು ಹಿಡಿದು ಹಡಗಿನ ಹೊಗೆಗೆ ವಕಾಲತ್ತು ಮಾಡುವುದು ಮಾತ್ರ ಪ್ರಾಮಾಣಿಕವಲ್ಲ. ಭೂಮಿಗೆ ಕೊಡೆ ಹಿಡಿಯುವ ಕೆಲಸವನ್ನು ಬಂದರಿನ ಪಕ್ಕದ ಚಾಳಿನ ಮಕ್ಕಳ ಶ್ವಾಸಕೋಶಕ್ಕೆ ಯಾರೂ ಒಪ್ಪಿಸಿಲ್ಲ. ಅಲ್ಲದೆ ಮಸಿ ಬಿಸಿಲನ್ನು ಹೀರುತ್ತದೆ, ಹಿಮದ ಮೇಲೆ ಬಿದ್ದರೆ ಅದನ್ನು ಬೇಗ ಕರಗಿಸುತ್ತದೆ. ಧ್ರುವದಲ್ಲಿ ಅದನ್ನು ಅಷ್ಟು ಕಾಳಜಿಯಿಂದ ಅಳೆಯುವುದಕ್ಕೆ ಅದೂ ಒಂದು ಕಾರಣ.

ಸಮುದ್ರದ ಮೇಲಿನ ಗಾಳಿಗೂ ಭಾರತಕ್ಕೂ ಇರುವ ಹಳೆಯ ಜಗಳವೊಂದನ್ನು ಇಲ್ಲಿ ನೆನೆಯಬೇಕು. 1999ರ ಜನವರಿಯಿಂದ ಮಾರ್ಚಿಯವರೆಗೆ 'ಇಂಡೋಎಕ್ಸ್' ಎಂಬ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ನಡೆಯಿತು. ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್. ವಿಮಾನ, ಹಡಗು, ಉಪಗ್ರಹ, ಮಾಲ್ಡೀವ್ಸ್‌ನ ಕೇಂದ್ರ ಎಲ್ಲ ಸೇರಿ, ದಕ್ಷಿಣ ಏಷ್ಯಾದಿಂದ ಹೊರಟ ಕಂದು ಮಬ್ಬು ಹಿಂದೂ ಮಹಾಸಾಗರದ ಮೇಲೆ ಹೇಗೆ ಹರಡಿದೆ ಎಂದು ತೋರಿಸಿದವು. 2002ರಲ್ಲಿ ಅದಕ್ಕೆ 'ಏಷ್ಯಾದ ಕಂದು ಮೋಡ' ಎಂಬ ಹೆಸರು ಬಂದಾಗ ಭಾರತ ಸಿಟ್ಟಾಯಿತು. ಬಡವರ ಒಲೆಯ ಹೊಗೆಯನ್ನು ಎತ್ತಿ ಆಡುತ್ತಾರೆ ಎಂದು. ಆ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವಿತ್ತು. ನೆಲದಿಂದ ಸಮುದ್ರಕ್ಕೆ ಹೋಗುವ ಹೊಗೆಯನ್ನು ಅಳೆಯಲು ಜಗತ್ತೇ ಬಂದಿತ್ತು. ಸಮುದ್ರದಿಂದ ನೆಲಕ್ಕೆ ಬರುವ ಹೊಗೆಯನ್ನು ಅಳೆಯಲು ಕಾಂಜೂರ್‌ಮಾರ್ಗ್‌ನಿಂದಲೂ ಯಾರೂ ಬರಲಿಲ್ಲ. ಅಂದು ಸಿಟ್ಟಾದ ದೇಶ ಇಂದು ಇದಕ್ಕೂ ಸಿಟ್ಟಾಗಬೇಕಲ್ಲವೇ?

ಸರಕಾರ ಸುಮ್ಮನೆ ಕೂತಿಲ್ಲ ಎನ್ನುವವರು 'ಹರಿತ ಸಾಗರ' ಮಾರ್ಗಸೂಚಿಯನ್ನು ತೋರಿಸುತ್ತಾರೆ. ಬಂದರು ಸಚಿವಾಲಯ ಅದನ್ನು 2023ರ ಮೇಯಲ್ಲಿ ಹೊರತಂದಿತು. ದಡದ ಕರೆಂಟಿನ ಮಾತು ಅದರಲ್ಲಿದೆ, ಒಳ್ಳೆಯದು. ಅದರ ಮುಖ್ಯ ಗುರಿ ನೋಡಿದರೆ, ಸಾಗಿಸಿದ ಪ್ರತಿ ಟನ್ ಸರಕಿಗೆ ಇಂಗಾಲದ ಹೊಗೆ 2030ಕ್ಕೆ 30 ಶೇಕಡಾ, 2047ಕ್ಕೆ 70 ಶೇಕಡಾ ಇಳಿಯಬೇಕು. ಪ್ರತಿ ಟನ್‌ಗೆ. ಸರಕು ಎರಡು ಪಟ್ಟಾಗಿ, ಟನ್ನಿನ ಲೆಕ್ಕದ ಹೊಗೆ 30 ಶೇಕಡಾ ಇಳಿದರೆ, ಗುರಿ ಮುಟ್ಟಿತೆಂದು ಹಾರ ಹಾಕಬಹುದು. ಒಟ್ಟು ಹೊಗೆ ಮಾತ್ರ 40 ಶೇಕಡಾ ಏರಿರುತ್ತದೆ. ಪಕ್ಕದ ಮನೆಯವನು ಟನ್ನಿನ ಲೆಕ್ಕದಲ್ಲಿ ಉಸಿರಾಡುವುದಿಲ್ಲ.

ಸರಕು ಏರುವುದಂತೂ ಖಚಿತ. ಪಾಲ್ಘರ್ ಜಿಲ್ಲೆಯ ಡಹಾಣು ಬಳಿ ವಾಢವಣ ಬಂದರಿಗೆ 2024ರ ಆಗಸ್ಟ್ 30ರಂದು ಶಂಕುಸ್ಥಾಪನೆ ಆಯಿತು. ವೆಚ್ಚ ಸುಮಾರು 76 ಸಾವಿರ ಕೋಟಿ ರೂಪಾಯಿ. ಪೂರ್ತಿಯಾದರೆ ನ್ಹಾವಾ ಶೇವಾ ಈಗ ನೋಡುವ ಕಂಟೇನರುಗಳ ಮೂರು ಪಟ್ಟು ಅದರ ಸಾಮರ್ಥ್ಯ. ಡಹಾಣು ತಾಲ್ಲೂಕು 1991ರಲ್ಲೇ ಪರಿಸರ ಸೂಕ್ಷ್ಮ ಎಂದು ಕೇಂದ್ರ ಸರಕಾರ ಸಾರಿದ ಜಾಗ. ಅಲ್ಲಿನ ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಬಂದರು ಬೇಕೋ ಬೇಡವೋ ಎಂಬ ಜಗಳ ಒಂದು ಕಡೆ ಇರಲಿ. ಇವತ್ತು ಅಲ್ಲಿ ಹಡಗಿಲ್ಲ. ಇಲ್ಲದ ಹೊತ್ತಿನ ಗಾಳಿಯನ್ನು ಅಳೆಯಲು ಇರುವ ಒಂದೇ ಅವಕಾಶ ಇದು. ಮೊದಲ ಹಡಗು ಬಂದ ಮೇಲೆ ಆ ಸ್ಲೇಟು ಮತ್ತೆ ಸಿಗುವುದಿಲ್ಲ. ಮುಂದೆ ಯಾರಾದರೂ ಕೇಳಿದರೆ, ಮೊದಲು ಹೇಗಿತ್ತೆಂಬ ದಾಖಲೆ ಇಲ್ಲ ಎಂಬ ಉತ್ತರ ಆಗಲೇ ಸಿದ್ಧವಾಗಿರುತ್ತದೆ.

ಕೇಳಬೇಕಾದ ಮೊದಲ ಸಂಗತಿ ದೊಡ್ಡದೇನಲ್ಲ. ಶಿವಡಿ, ಮಝಗಾಂವ್, ನ್ಹಾವಾ ಶೇವಾ, ಡಹಾಣುಗಳಲ್ಲಿ ನೀರಂಚಿಗೆ ಒಂದೊಂದು ಕೇಂದ್ರ. ಅಲ್ಲಿ ಮಸಿ, ಕಣಗಳ ಎಣಿಕೆ, ಗಂಧಕದ ಡೈಆಕ್ಸೈಡ್, ಗಾಳಿಯ ದಿಕ್ಕು. ಅದರ ಪಕ್ಕದಲ್ಲೇ, ಅದೇ ಪುಟದಲ್ಲಿ, ಆ ಗಂಟೆ ಧಕ್ಕೆಯಲ್ಲಿದ್ದ ಹಡಗುಗಳ ಪಟ್ಟಿ. ಹಡಗು ಇದ್ದಾಗ ಇಷ್ಟು, ಇಲ್ಲದಾಗ ಇಷ್ಟು. ಅದನ್ನು ಮರಾಠಿಯಲ್ಲಿ, ಹಿಂದಿಯಲ್ಲಿ, ಬಂದರಿನ ಸುತ್ತ ಬದುಕುವವರ ಭಾಷೆಯಲ್ಲಿ ದಿನವೂ ಪ್ರಕಟಿಸಬೇಕು. ಎರಡನೆಯದು, 1981ರ ಕಾಯಿದೆಯ ಆ ಬಾಲವನ್ನು ಕತ್ತರಿಸುವುದು. ಕನಿಷ್ಠ ಧಕ್ಕೆಗೆ ಕಟ್ಟಿಹಾಕಿದ ಹಡಗನ್ನಾದರೂ ಊರಿನ ಮೂಲವೆಂದು ಒಪ್ಪಿಕೊಳ್ಳುವುದು. ಅಳತೆಯ ಪುಟ ಜನರ ಕೈಗೆ ಬಂದರೆ ಸ್ವಚ್ಛ ಎಣ್ಣೆ, ದಡದ ಕರೆಂಟು, ಕರಾವಳಿ ನಿಯಂತ್ರಣ ವಲಯ ಇವನ್ನೆಲ್ಲ ಕೇಳಲು ಜನರೇ ಬರುತ್ತಾರೆ. ಹಡಗಿನ ಪಾಲು ನಿಜಕ್ಕೂ ಸಣ್ಣದೆಂದು ಗೊತ್ತಾದರೆ ಅದೂ ಲಾಭವೇ. ಬೇಕರಿಯವನಿಗೆ ನೋಟಿಸು ಕೊಡುವವರಿಗೆ ಕೈ ನಡುಗದೆ ಕೊಡಬಹುದು.

ಈ ಮಾತು ಮುಂಬಯಿಗೆ ಮಾತ್ರ ಸೇರಿದ್ದಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ಮೊಗವೀರರು ಈ ಊರಿನಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದು 1902ರಲ್ಲಿ. ಅವರ ಊರಿನ ಕಡೆಯ ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರಾಯಿತು. ಅಲ್ಲೂ ಹಡಗಿನ ಪಕ್ಕದಲ್ಲೇ ಊರಿದೆ, ಬೀಚಿದೆ, ಶಾಲೆಯಿದೆ, ಪಶ್ಚಿಮದ ಗಾಳಿ ನೇರ ಮನೆಗೇ ಬರುತ್ತದೆ. ಅಲ್ಲಿಗೂ 1981ರ ಕಾಯಿದೆ ಅದೇ, ಅದರ ಬಾಲವೂ ಅದೇ.

ನಿ-ಓಲೆಸುಂಡ್‌ನ ಬೆಟ್ಟದ ಮೇಲಿನ ಉಪಕರಣ ಇವತ್ತೂ ಗಾಳಿಯನ್ನು ಸೆಳೆದು ಮಸಿ ಎಣಿಸುತ್ತಿರುತ್ತದೆ. ಶಿವಡಿಯಲ್ಲೂ ಗಾಳಿಯನ್ನು ಒಳಗೆ ಸೆಳೆದುಕೊಳ್ಳುವ ಕೆಲಸ ಹಗಲೂ ರಾತ್ರಿ ನಡೆದಿದೆ. ಅಲ್ಲಿ ಅದನ್ನು ಮಾಡುತ್ತಿರುವುದು ಜನರ ಎದೆಗೂಡು. ಎಷ್ಟು ಸೇರಿತು, ಯಾರದು ಸೇರಿತು ಎಂದು ಬರೆದಿಡುವವರು ಬರಬೇಕಷ್ಟೆ.